ಹಣಿ ಸ್ವಚ್ಛ ಮಾಡುವ ಕೆಲಸ

ಸೇಡಂನ ನಮ್ಮ ಫೋಟೋ ಸ್ಟುಡಿಯೋಕ್ಕೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು. ಗಂಡ ತೀರಿಕೊಂಡ ಹೆಣ್ಣುಮಕ್ಕಳ ಮನೆಯವರು ವಿಧವಾ ವೇತನದ ಅರ್ಜಿಗೆ ಅಂಟಿಸಲು ಹಳೆಯ ಫೋಟೋ ತರುತ್ತಿದ್ದರು. ಅದರಲ್ಲಿ ಹಣೆ ತುಂಬ ಕುಂಕುಮ ಇರುತ್ತಿತ್ತು, ಅದನ್ನು ತೆಗೆಯಬೇಕು. 'ಕುಂಕುಮ ಅಳಿಸು' ಎಂದು ನಮ್ಮ ಮಾಲೀಕರು ಬಾಯಿ ತಪ್ಪಿಯೂ ಅನ್ನುತ್ತಿರಲಿಲ್ಲ. "ಹಣಿ ಸ್ವಚ್ಛ ಮಾಡು" ಅನ್ನುತ್ತಿದ್ದರು. ನಮ್ಮ ಮನೆಯಲ್ಲೂ ಅದೇ ರೀತಿ. ಬಳೆ ಒಡೆದರೆ 'ಹೆಚ್ಚಾಯಿತು' ಅನ್ನಬೇಕು, ಇಲ್ಲದಿದ್ದರೆ ಅವ್ವನ ಏಟು ನಮ್ಮ ಬಾಯಿಗೆ ಬೀಳುತ್ತಿತ್ತು.

ಹಣೆ ಸ್ವಚ್ಛ ಮಾಡಲು ಸಾಫ್ಟ್‌ವೇರಿನಲ್ಲಿ ಠಸ್ಸೆಯಂಥದೊಂದು ಇತ್ತು. ಒಂದು ಕಡೆಯ ಚರ್ಮ ಎತ್ತಿಕೊಂಡು ಇನ್ನೊಂದು ಕಡೆ ಒತ್ತುವುದು. ಹುಬ್ಬಿನ ಮೇಲಿನದನ್ನು ತಂದರೆ ಹೊಂದುತ್ತದೆ, ಕೆನ್ನೆಯದನ್ನು ತಂದರೆ ಸುಟ್ಟ ಕಲೆಯ ಹಾಗೆ ಕಾಣುತ್ತದೆ. ನನಗಿನ್ನೂ ಕೈ ಕೂತಿರಲಿಲ್ಲ. ಗಿರಾಕಿಗಳ ಫೋಟೋ ಕೆಡಿಸುವ ಧೈರ್ಯವೂ ಇರಲಿಲ್ಲ. ಅದಕ್ಕೆ ನಮ್ಮ ಮನೆಯದೇ ಒಂದನ್ನು ತೆರೆದೆ. ಚಿಂಚೋಳಿಯ ಮನೆಯಲ್ಲಿ ಸತ್ಯನಾರಾಯಣ ಪೂಜೆಯ ದಿನ ಅಂಗಡಿಯ ಡಿಜಿಟಲ್ ಕ್ಯಾಮೆರಾ ಒಯ್ದು ತೆಗೆದದ್ದು. ಅಪ್ಪ ಅವ್ವ ಮಣೆಯ ಮೇಲೆ ಕೂತಿದ್ದಾರೆ. ಇಬ್ಬರೇ ಇರುವ ಫೋಟೋ ಅದೊಂದೇ. ಕ್ಯಾಮೆರಾದ ಕಾರ್ಡನ್ನು ಮರುದಿನವೇ ಯಾರದೋ ಮದುವೆಗೆಂದು ಖಾಲಿ ಮಾಡಿದ್ದೆವು.

ಬೀಗ ಹಾಕಿದ ಮೇಲೂ ಅರ್ಧ ದಾರಿಯಿಂದ ವಾಪಸು ಹೋಗಿ ಎಳೆದು ನೋಡುವವನು ನಾನು. ಅಂಥವನ ಬುದ್ಧಿ ಅಂದು ಎಲ್ಲಿ ಮೇಯಲು ಹೋಗಿತ್ತೋ. ನಾಲ್ಕು ಒತ್ತಿಗೆ ಅವ್ವನ ಹಣೆ ಸ್ವಚ್ಛವಾಯಿತು, ಅಲ್ಲಿ ಎಂದೂ ಏನೂ ಇರಲೇ ಇಲ್ಲವೆಂಬಂತೆ. ಹೆಮ್ಮೆಯಿಂದ ಸೇವ್ ಮಾಡಿ ಫೈಲು ಮುಚ್ಚಿದೆ. ಬೇರೆ ಹೆಸರಿನಲ್ಲಿ ಉಳಿಸಬೇಕಿತ್ತು. ಹಳೆಯ ಹೆಸರಿನಲ್ಲೇ ಉಳಿಸಿದ್ದೆ. ಮುಚ್ಚಿದ ಮೇಲೆ ಮಾಡಿದ್ದನ್ನು ಹಿಂದೆಗೆಯಲು ಬರುವುದಿಲ್ಲ ಎಂಬುದು ಈ ವಿದ್ಯೆಯ ಮೊದಲ ಪಾಠ. ನಾನು ಅದನ್ನು ಕೊನೆಗೆ ಕಲಿತೆ.

ಚಹಾ ಕುಡಿದು ಬರುವಷ್ಟರಲ್ಲಿ ಅಂಗಡಿಯ ಫೋನು ಹೊಡೆದುಕೊಳ್ಳುತ್ತಿತ್ತು. ಚಿಂಚೋಳಿಯಿಂದ ಸೋದರಮಾವ.

"ನಿಮ್ಮಪ್ಪಗ ಸಾಲ್ಯಾಗ ಎದಿ ಹಿಡದದ. ಜೀಪ್ ಮಾಡಿ ಗುಲಬರ್ಗಾಕ್ಕ ಒಯ್ಲಿಕತ್ತೀವಿ. ಲಗೂನ ಬಾ."

"ಯಾವಾಗ ಹಿಡೀತು, ಮಾಮಾ?"

"ಹನ್ನೊಂದೂವರಿ ಸುಮಾರ. ಟೈಮ್ ತೊಗೊಂಡು ಜಾತಕ ಬರೀತಿಯೇನು? ಬಾ ಅಂದ್ನೆಲ್ಲ!"

ಅಪ್ಪ ಶಾಲಾ ಮಾಸ್ತರರು, ಒಂದು ದಿನ ತಲೆನೋವೆಂದು ರಜೆ ಹಾಕಿದವರಲ್ಲ. ಕಂಪ್ಯೂಟರಿನಲ್ಲಿ ಆ ಫೈಲಿನ ಮುಂದೆ ಉಳಿಸಿದ ಸಮಯ ಬರೆದಿತ್ತು: ಹನ್ನೊಂದು ಇಪ್ಪತ್ತು.

ಸ್ಟೇಷನ್ನಿಗೆ ಓಡುವ ಬದಲು ಕುರ್ಚಿಯಲ್ಲಿ ಕೂತೆ. ಮಗನಾದವನು ಮಾಡುವ ಕೆಲಸವಲ್ಲ, ಗೊತ್ತಿತ್ತು. ಆದರೆ ಅವ್ವನ ಹಣೆಯನ್ನು ಹಾಗೇ ಬಿಟ್ಟು ರೈಲು ಹತ್ತುವುದು ನನ್ನಿಂದಾಗಲಿಲ್ಲ. ಕೆಂಪು ಚುಕ್ಕೆ ಬಿಡಿಸಿದರೆ ಅಂಗಿಯ ಗುಂಡಿಯ ಹಾಗೆ ಕಂಡಿತು. ಪಕ್ಕದಲ್ಲಿ ತೆರೆದಿದ್ದ ಇನ್ನೊಂದು ಫೋಟೋದಿಂದ ನಿಜವಾದ ಕುಂಕುಮವನ್ನೇ ಎತ್ತಿ ತಂದು ಇಟ್ಟೆ, ಅಂಚು ಮಸುಕು ಮಾಡಿದೆ.

"ಏ ಹುಚ್ಚಾ, ಗಾಡಿ ಹೋಗ್ತದಲ್ಲೋ!" ಮಾಲೀಕರು ಕೂಗಿದರು. "ನಿಮ್ಮಪ್ಪ ಅಲ್ಲಿ ಹಂಗ ಬಿದ್ದಾರ, ನೀ ಇಲ್ಲಿ ಬಣ್ಣ ಹಚ್ಚಲಿಕತ್ತಿ?"

"ಒಂದ ನಿಮಿಷ್ರಿ."

ಒಂದು ಗಾಡಿ ಹೋಗೇಬಿಟ್ಟಿತು. ಪ್ರಿಂಟ್ ತೆಗೆದು ಜೇಬಿನಲ್ಲಿಟ್ಟುಕೊಂಡು ಮುಂದಿನದನ್ನು ಹತ್ತಿದೆ.

ಚಿತ್ತಾಪುರ ದಾಟುವವರೆಗೆ ಸ್ವಲ್ಪ ಸಮಾಧಾನವಿತ್ತು. ವಾಡಿಯಲ್ಲಿ ಗಾಡಿ ಸುಮ್ಮನೆ ನಿಂತಿತು. ಕಿಟಕಿಯ ಸರಳಿನ ಮೇಲೆ ಸಿಮೆಂಟಿನ ಬೂದು ಧೂಳು ಕೂರುವುದನ್ನು ನೋಡುತ್ತಿದ್ದಾಗ ಹೊಳೆಯಿತು. ನಾನು ಕುಂಕುಮ ಎತ್ತಿದ ಆ ಇನ್ನೊಂದು ಫೋಟೋ, ಅಂದು ಸ್ವಚ್ಛ ಮಾಡಲೆಂದೇ ಬಂದದ್ದು. ಗಂಡ ಸತ್ತು ಹದಿನೈದು ದಿನವೂ ಆಗದ ಹೆಣ್ಣುಮಗಳ ಕುಂಕುಮವನ್ನು ತಂದು ನಾನು ಅವ್ವನಿಗೆ ಇಟ್ಟಿದ್ದೆ.

ಹರಿದು ಎಸೆಯಲೇ? ಅಪ್ಪನ ಮುಖವೂ ಹರಿಯುತ್ತದೆ. ಅದರ ಮೇಲೆ ನಿಜವಾದ ಕುಂಕುಮ ಹಚ್ಚಿಬಿಡಲೇ? ಫೋಟೋಕ್ಕೆ ಕುಂಕುಮ ಹಚ್ಚುವುದು ಸತ್ತವರಿಗೆ. ಶಹಾಬಾದ್ ಬಂತು, ಹೋಯಿತು. ಕೈ ಜೇಬಿನ ಮೇಲೇ ಇತ್ತು.

ಆಸ್ಪತ್ರೆಯಲ್ಲಿ ಅವ್ವ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಏನನ್ನೂ ಕೇಳುವ ಮೊದಲು ಅವಳ ಹಣೆ ನೋಡಿದೆ. ಬೆವರಿಗೆ ಕುಂಕುಮ ಮೂಗಿನವರೆಗೆ ಇಳಿದಿತ್ತು.

"ನನ್ನ ಮಾರಿ ಏನ್ ನೋಡ್ತಿ? ಇಷ್ಟೊತ್ತು ಎಲ್ಲಿ ಕುಂತಿದ್ದಿ? ಅವರು ನಿನ್ನ ಕೇಳಲಿಕತ್ತಾರ."

ಅಪ್ಪ ಒಳಗೆ ಮೈತುಂಬ ವೈರು ಹಚ್ಚಿಸಿಕೊಂಡು ಮಲಗಿದ್ದರು. ಮೂರು ದಿನ ಏನೂ ಹೇಳಲಾಗದು ಎಂದರು ಡಾಕ್ಟರು. ಅವ್ವ ನನ್ನ ಜೇಬಿನಿಂದ ಇಣುಕುತ್ತಿದ್ದ ಫೋಟೋ ಕಂಡು, "ಈಗ ನೆನಪಾತೇನು ಕೊಡೋದು?" ಎಂದು ಕಸಿದುಕೊಂಡು ಅಪ್ಪನ ದಿಂಬಿನ ಕೆಳಗಿಟ್ಟಳು. ಬೇಡವೆನ್ನಲು ಕಾರಣ ಹೇಳಬೇಕಲ್ಲ. ಆ ಮೂರು ದಿನ ಉಳಿದವರೆಲ್ಲ ಯಂತ್ರದ ಗೆರೆ ನೋಡಿದರು, ನಾನು ದಿಂಬು ನೋಡಿದೆ.

ನಾಲ್ಕನೆಯ ದಿನ, ಗಂಡಾಂತರ ಕಳೆಯಿತೆಂದು ಡಾಕ್ಟರು ಹೇಳಿ ಹೋದ ಮೇಲೆ, ಅಪ್ಪ ಕನ್ನಡಕ ಹಾಕಿಕೊಂಡು ಅದನ್ನು ಹೊರಗೆಳೆದರು. ವಿದ್ಯಾರ್ಥಿಯ ಉತ್ತರಪತ್ರಿಕೆ ನೋಡುವ ಹಾಗೆ ದೂರ ಹಿಡಿದರು.

"ಏ, ಇದು ಯಾರ ಕುಂಕುಮೋ? ನಿಮ್ಮವ್ವ ಇಷ್ಟು ದೊಡ್ಡದು ಯಾವಾಗ ಹಚ್ಚಾಳ?"

"ಕಂಪ್ಯೂಟರಿಂದು, ಅಪ್ಪಾ."

ಅವರಿಗೆ ನಗು ಬಂತು. ನಗುತ್ತಾ ನಗುತ್ತಾ ಎಡಗೈಯನ್ನು ಎದೆಯ ಮೇಲಿಟ್ಟುಕೊಂಡರು. ಆ ಕೈ ಕೆಳಗಿಳಿಯುವವರೆಗೆ ನಾನು ಉಸಿರು ಬಿಡಲಿಲ್ಲ.