ಜೋಯಿಸರ ಪ್ರಸ್ಥಾನದ ಚೀಲ

ಉಸಿರನ್ನೂ ನೆನಪನ್ನೂ ಇನ್ನೂ ಉಳಿಸಿರುವ ಭಗವಂತನಿಗೆ ಮೊದಲ ಕೃತಜ್ಞತೆ. ರಾಹುಕಾಲ ನೋಡದೆ ಲೋಕ ನಡೆಸುವ ಅವನ ಔದಾರ್ಯಕ್ಕೆ ಎರಡನೆಯದು. ಆ ಕೆಲಸ ನಮ್ಮ ಪಕ್ಕದ ಮನೆಯ ನಾರಣಪ್ಪ ಜೋಯಿಸರ ಕೈಯಲ್ಲಿದ್ದಿದ್ದರೆ ಚಿಕ್ಕಬಳ್ಳಾಪುರಕ್ಕೆ ಸೋಮವಾರಗಳಲ್ಲಿ ಒಂಬತ್ತರ ಮೇಲೆಯೇ ಬೆಳಗಾಗುತ್ತಿತ್ತು.

ಜೋಯಿಸರು ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ರಾಹುಕಾಲ ಕಳೆಯಲೆಂದು ಹೊಸ್ತಿಲೊಳಗೆ ನಿಂತಿರುತ್ತಿದ್ದರು. ಬಸ್ಸು ಕಣ್ಣೆದುರೇ ಹೋದರೆ, "ಆ ಹೊತ್ತಲ್ಲಿ ಹೊರಟಿದೆ ಶಾಸ್ತ್ರಿಗಳೇ, ಮಂಡಿಕಲ್ ಮುಟ್ಟಲ್ಲ ಅದು" ಎಂದು ನನಗೆ ಹೇಳುತ್ತಿದ್ದರು. ಬಸ್ಸು ನಿತ್ಯವೂ ಮುಟ್ಟುತ್ತಿತ್ತು.

ಇಂಥವರ ಮೂತ್ರಪಿಂಡಗಳೆರಡೂ ಮುಹೂರ್ತ ಕೇಳದೆ ಕೈಕೊಟ್ಟವು. ಡಯಾಲಿಸಿಸ್ಸಿನಲ್ಲಿ ದೇಹ ಸೊರಗಿತು. ಮೃತರೊಬ್ಬರ ಕಿಡ್ನಿಗಾಗಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಹೆಸರು ಬರೆಸಿದ್ದಾಯಿತು. ಕರೆ ಬಂದೊಡನೆ ಹೊರಡಬೇಕು; ತಡಮಾಡಿದರೆ ಅದು ಸರದಿಯಲ್ಲಿ ಮುಂದಿನವರಿಗೆ.

ಕರೆ ಬಂದದ್ದು ಸೋಮವಾರ ಬೆಳಗ್ಗೆ, ಏಳೂವರೆ ದಾಟಿದ ಮೇಲೆ. ಕಾರು ಬಾಗಿಲಿಗೆ ಬಂತು. ಜೋಯಿಸರು ಹೊಸ್ತಿಲೊಳಗೆ ನಿಂತರು.

"ಒಂಬತ್ತಾಗಲಿ. ಐಸಿನಲ್ಲಿ ಇಟ್ಟಿರ್ತಾರೆ, ಕೆಡಲ್ಲ."

"ಅದೇನು ತರಕಾರಿ ಮಂಡಿಯ ಕೋಸೇನ್ರೀ?" ಎಂದರು ಅವರ ಪತ್ನಿ ಸೀತಮ್ಮ. ಚಿಂತಾಮಣಿ ಕಡೆಯ ಆಕೆಗೆ ಸಿಟ್ಟು ಬಂದರೆ ತೆಲುಗು ಬರುತ್ತಿತ್ತು. "ಪದಂಡಿ! ನಡೀರಿ! ನಿಮ್ಮ ಪ್ರಯಾಣ ಗುರುವಾರವೇ ಶುರುವಾಗಿದೆ. ಅಣ್ಣಯ್ಯ, ಆ ಚೀಲ ತನ್ನಿ" ಎಂದು ನನ್ನತ್ತ ತಿರುಗಿದರು.

ಹೊರಡುವ ದಿನ ಹೊತ್ತು ಒದಗದಿದ್ದರೆ, ಮುಂಚೆಯೇ ಶುಭಲಗ್ನದಲ್ಲಿ ಗಂಟನ್ನು ಹೋಗುವ ದಿಕ್ಕಿನ ಮನೆಯಲ್ಲಿಡುವುದು ಪ್ರಸ್ಥಾನ. ಪ್ರಯಾಣ ಆಗಲೇ ಆರಂಭವಾದಂತೆ. ಅದರ ಅವಧಿ ಕೆಲವೇ ದಿನ. ಸೀತಮ್ಮ ತಿಂಗಳುಗಟ್ಟಲೆ, ಗುರುವಾರ ಗುರುವಾರ, ಗಂಡನ ಪಂಚೆಯ ಚೀಲವನ್ನು ವಾಪಸು ಒಯ್ದು ದಕ್ಷಿಣಕ್ಕಿರುವ ನಮ್ಮ ಮನೆಯಲ್ಲಿ ಮತ್ತೆ ಇಡುತ್ತಿದ್ದರು. ಅವರ ಮನೆಯಲ್ಲಿ ಜಾಗವಿಲ್ಲವೆಂದು ನಾನು ತಿಳಿದಿದ್ದೆ!

ಜೋಯಿಸರು ಚೀಲವನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಶಾಸ್ತ್ರದಲ್ಲಿ ಆಕ್ಷೇಪ ಹುಡುಕಿದರು, ಸಿಗಲಿಲ್ಲ. ಕಾರು ಹತ್ತಿದರು; ಜೊತೆಗೆ ನಾನೂ ಹತ್ತಿದೆ.

ಆಸ್ಪತ್ರೆಯಲ್ಲಿ ಪರೀಕ್ಷೆಗಳು ಮುಗಿಯುವ ವೇಳೆಗೆ ಹತ್ತೂವರೆ ದಾಟಿತ್ತು. ಬಂದ ಶಸ್ತ್ರವೈದ್ಯರು ಆಕಳಿಸಿದರು.

"ರಾತ್ರಿ ನಿದ್ದೆ ಆಯ್ತೇ ಡಾಕ್ಟ್ರೇ?" ಎಂದರು ಜೋಯಿಸರು.

"ಎಲ್ಲಿ ಸ್ವಾಮಿ, ಬೆಳಗಿನವರೆಗೂ ಇನ್ನೊಂದು ಆಪರೇಷನ್ನು."

ಜೋಯಿಸರು ಜೀವಮಾನದಲ್ಲಿ ಕೇಳಿದ ಮುಹೂರ್ತದ ಪ್ರಶ್ನೆಗಳಲ್ಲಿ ಅರ್ಥವಿದ್ದುದು ಅದೊಂದೇ. "ಹಾಗಾದ್ರೆ ಕಾಫಿ ಕುಡಿದು, ಒಂದು ಗಳಿಗೆ ಕಣ್ಣು ಮುಚ್ಚಿ ಬನ್ನಿ" ಎಂದರು. ನಾನು ಮೆಚ್ಚಿ ತಲೆದೂಗುವಷ್ಟರಲ್ಲಿ ಕಿವಿಯಲ್ಲಿ ಉಸುರಿದರು: "ಅಷ್ಟೊತ್ತಿಗೆ ಯಮಗಂಡಕಾಲಾನೂ ಕಳೆಯುತ್ತೆ."

ವೈದ್ಯರು ನಕ್ಕು, ನಿದ್ದೆಯಾಗಿದ್ದ ಬೇರೊಬ್ಬರನ್ನು ಕರೆಸಿದರು; ಅವರು ಯಮಗಂಡದಲ್ಲೇ ಕೊಯ್ದರು. ಹೊಸ ಕಿಡ್ನಿ ಮೈಗೆ ಒಗ್ಗಿತು.

ಆಮೇಲೆ ಹೆರಿಗೆಯ ಆಪರೇಷನ್ನಿಗೆ ಹೊತ್ತು ಕೇಳಿ ಬಂದವರಿಗೆಲ್ಲ ಜೋಯಿಸರು ಹೇಳುತ್ತಿದ್ದುದು ಒಂದೇ: "ಡಾಕ್ಟ್ರು ನಿದ್ದೆ ಮಾಡಿ ಎದ್ದಿದಾರಾ, ಮೊದಲು ಅದನ್ನ ಕೇಳ್ರಪ್ಪಾ." ದಕ್ಷಿಣೆಯನ್ನು ಮಾತ್ರ ಹಿಂದಿನಂತೆಯೇ ತೆಗೆದುಕೊಳ್ಳುತ್ತಿದ್ದರು.

ಕೆಲವು ವರ್ಷ ಚೆನ್ನಾಗಿಯೇ ಬಾಳಿ, ಕಳೆದ ಮಾಘದಲ್ಲಿ ಹೋದರು. ರಾಹುಕಾಲದಲ್ಲೇ. ಸೀತಮ್ಮ ನಮ್ಮ ಜಗುಲಿಯ ಬರಿದಾದ ಮೂಲೆಯನ್ನು ನೋಡುತ್ತ, "ಈ ಸಲ ಚೀಲ ಇಟ್ಟಿರಲಿಲ್ಲ ಅಣ್ಣಯ್ಯ" ಎಂದರು.

ಆ ಇಲ್ಲಾಳಿಗೆ ನೆಮ್ಮದಿಯಿರಲಿ. ಆ ವೈದ್ಯರಿಗೆ ಕಣ್ತುಂಬ ನಿದ್ದೆಯಿರಲಿ. ಯಾವ ಹೊತ್ತನ್ನೂ ಕೇಳದೆ ಹೊರಟು, ಹೋಗುವಾಗ ನಮ್ಮ ಜೋಯಿಸರಿಗೆ ಅಷ್ಟು ಹೊತ್ತು ಕೊಟ್ಟುಹೋದ ಆ ಹೆಸರರಿಯದ ಜೀವಕ್ಕೆ ಸದ್ಗತಿಯಿರಲಿ.