ಗೋಡೆಗೇರದ ಕಂಬಳಿ

ಕೊರೋನಾ ಮುಗಿದ ಮರುವರ್ಷದ ಮಾತು. ಆದೋನಿಯಲ್ಲಿ ನನ್ನ ಫ್ರೇಮಿನ ಅಂಗಡಿಗೆ ಆಗ ಇಪ್ಪತ್ತೈದು ವರ್ಷ ತುಂಬಿತ್ತು. ಏಳನೇ ತರಗತಿಗೆ ಶಾಲೆ ಬಿಟ್ಟು ಬಡಗಿಯೊಬ್ಬರ ಕೈಕೆಳಗೆ ಸೇರಿದವನು ನಾನು. ಆದರೇನು, ಇಲ್ಲಿಂದ ಆಲೂರಿನವರೆಗೆ ಯಾವ ಮನೆಯ ಪಡಸಾಲೆಗೆ ಹೋದರೂ ಪಟದ ಮೂಲೆಯ ಮೇಲೆ ಬೆರಳಾಡಿಸಿ ಅದು ನನ್ನ ಕೆಲಸವೋ ಅಲ್ಲವೋ ಹೇಳಬಲ್ಲೆ. ಜೋಡಣೆಯಲ್ಲಿ ಕೂದಲು ತೂರದಿದ್ದರೆ ನನ್ನದು.

ಆ ವರ್ಷ ಹತ್ತಿ ವ್ಯಾಪಾರಿಗಳ ಮನೆಯ ಶಿವಲೀಲಮ್ಮನವರು ಕೆಲಸ ಹೇಳಿದರು. ಅವರ ಒಬ್ಬಳೇ ಮಗಳು ಅನ್ನಪೂರ್ಣ ವಿಶ್ವವಿದ್ಯಾಲಯದಲ್ಲಿ ಚಿತ್ರಕಲೆ ಓದುತ್ತಿದ್ದಾಗ ಜ್ವರ ಬಂದು ತೀರಿಕೊಂಡಿದ್ದಳು. ತಾಯಿ ಅವಳ ಹೆಸರಿನಲ್ಲಿ ಅಲ್ಲಿಯೇ ದತ್ತಿನಿಧಿ ಇಟ್ಟರು. ಎಂಡೋಮೆಂಟ್ ಎನ್ನುವುದು ಇದಕ್ಕೇ. ಇಟ್ಟ ಗಂಟು ಹಾಗೇ ಉಳಿಯುತ್ತದೆ. ಬರುವ ಬಡ್ಡಿಯಲ್ಲಿ ಪ್ರತಿ ವರ್ಷ ನಮ್ಮ ಸೀಮೆಯವರ ಒಂದು ಕಲಾಕೃತಿ ಕೊಂಡು ವಿಶ್ವವಿದ್ಯಾಲಯದ ಸಂಗ್ರಹಕ್ಕೆ ಸೇರಿಸಬೇಕು. ಮಾರ್ಚ್ ಮುಗಿಯುವುದರೊಳಗೆ ಕೊಳ್ಳದಿದ್ದರೆ ಬಡ್ಡಿ ಗಂಟಿಗೆ ಹೋಗುತ್ತದೆ, ಆ ವರ್ಷ ಅನ್ನಪೂರ್ಣಳ ಹೆಸರಿನ ಜಾಗ ಖಾಲಿ.

ಮೊದಲ ವರ್ಷಕ್ಕೆ ವಿಶ್ವವಿದ್ಯಾಲಯದ ಆಯ್ಕೆ ಸಮಿತಿಯವರು ಆರಿಸಿದ್ದು ಪೆದ್ದಹರಿವಾಣಂನ ಬೀರಪ್ಪ ನೇಯುತ್ತಿದ್ದ ಕಂಬಳಿ. ಬಣ್ಣ ಹಾಕದ ಕಪ್ಪು, ಕಂದು, ಬಿಳಿ ಉಣ್ಣೆಯಲ್ಲೇ ಕುರಿಹಿಂಡು ಗುಡ್ಡ ಇಳಿಯುವ ಹಾಗೆ ನೇಯ್ದಿದ್ದ. ಅದಕ್ಕೆ ಗೋಡೆಗೆ ತೂಗುವ ಗಾಜಿನ ಚೌಕಟ್ಟು ಮಾಡುವುದು ನನ್ನ ಪಾಲಿಗೆ ಬಂತು. ಶಿವಲೀಲಮ್ಮನವರ ಮುಚ್ಚಿದ ಜಿನ್ನಿಂಗ್ ಮಿಲ್ಲಿನ ತೇಗದ ತೊಲೆಯನ್ನೇ ಸೀಳಿ ಚೌಕಟ್ಟು ಕಟ್ಟಿದೆ. ಹತ್ತಿಯಿಂದ ಬೀಜ ಬಿಡಿಸುವ ಆ ಮಿಲ್ಲಿನಲ್ಲಿ ಅನ್ನಪೂರ್ಣ ಆಡಿ ಬೆಳೆದಿದ್ದಳಂತೆ. ಹಿತ್ತಾಳೆ ಪಟ್ಟಿಯ ಮೇಲೆ ಅವಳ ಹೆಸರು ಕೊರೆದೆ. ಅಷ್ಟು ಚಂದದ ಕೆಲಸ ನಾನು ಅದಕ್ಕೂ ಮುಂಚೆ ಮಾಡಿರಲಿಲ್ಲ.

ಮಾರ್ಚ್ ಕೊನೆಯ ವಾರ ಎಲ್ಲರೂ ಅಂಗಡಿಯಲ್ಲಿ ಸೇರಿದರು. ವಿಶ್ವವಿದ್ಯಾಲಯದಿಂದ ಕ್ಯುರೇಟರ್, ಅಂದರೆ ಸಂಗ್ರಹವನ್ನು ನೋಡಿಕೊಳ್ಳುವ ಮೇಡಂ, ವ್ಯಾನು ತಂದಿದ್ದರು. ಬೀರಪ್ಪ ಕಂಬಳಿಯನ್ನು ಹೆಗಲ ಮೇಲೆ ಹೊತ್ತು ಬಸ್ಸಿನಲ್ಲಿ ಬಂದ. ಗೋಡೆಗೆ ಒರಗಿಸಿದ್ದ ಚೌಕಟ್ಟನ್ನು ಮೇಲಿಂದ ಕೆಳಗೆ ನೋಡಿ ಕೇಳಿದ:

“ಇದರ ಮ್ಯಾಲ ಯಾರು ಕುಂದ್ರತಾರ?”

ಯಾರಿಗೂ ಅರ್ಥವಾಗಲಿಲ್ಲ. ಆಗ ಅವನು ತಿಳಿಸಿ ಹೇಳಿದ. ಅವರ ಮನೆತನದಲ್ಲಿ ಹೊಸ ಕಂಬಳಿ ಕೈ ಬಿಡುವ ಮೊದಲು ನೆಲಕ್ಕೆ ಹಾಸಿ, ಕೊಂಡವರನ್ನು ಅದರ ಮೇಲೆ ಕೂಡಿಸುತ್ತಾರೆ. ಅದು ಗದ್ದುಗೆ. ಗದ್ದುಗೆಯಾಗದೆ ಕಂಬಳಿ ಮನೆ ದಾಟುವುದಿಲ್ಲ. ಆದಮೇಲೆ ಅದನ್ನು ತೂಗುಹಾಕುವಂತಿಲ್ಲ.

“ಕೊಂಡಿದ್ದು ಯೂನಿವರ್ಸಿಟಿ, ಬೀರಪ್ಪ,” ಎಂದೆ.

“ಯೂನಿವರ್ಸಿಟಿ ಬಂದು ಕುಂದ್ರತೈತೇನು? ಮನಿಗೆ ಯಾರರ ಬರತಾರಂತ ದಾರಿ ನೋಡಿದೆ. ಯಾರೂ ಬರಲಿಲ್ಲ, ನಾನೇ ಬಂದೆ.”

“ಮತ್ತ ನನ್ನ ಫ್ರೇಮಿಗೆ ಏನಾಗೈತಿ?”

“ಬಾಗಲದಂಗ ಚಂದ ಐತಿ, ಈರಣ್ಣ. ಬಾಗಲದಾಗ ಯಾರನ್ನ ಕುಂದ್ರಸ್ತಿ?”

ನನಗೆ ರೇಗಿತು. ಮೇಡಂ ಅವರಿಗೆ ದಿಗಿಲಾಯಿತು. ಕೈಯ ಬೆವರು ತಾಗಿದರೂ ಉಣ್ಣೆ ಕೆಡುತ್ತದೆ, ಕಲಾಕೃತಿಯ ಮೇಲೆ ಕೂಡಿಸಿದೆ ಎಂದು ಮೇಲಿನವರಿಗೆ ಹೇಗೆ ಹೇಳಲಿ ಎಂದರು. ಅದೂ ಸರಿಯೇ. ಬೀರಪ್ಪ ಕಂಬಳಿ ಮಡಚಿ ಮತ್ತೆ ಹೆಗಲಿಗೆ ಹಾಕಿಕೊಂಡ. ಶಿವಲೀಲಮ್ಮನವರು ಅಷ್ಟು ಹೊತ್ತೂ ಹಿತ್ತಾಳೆ ಪಟ್ಟಿಯನ್ನು ಸೆರಗಿನಿಂದ ಒರೆಸುತ್ತಿದ್ದರು. ಆ ಕೈ ನಿಂತಿತು.

ಅದನ್ನು ಮೇಡಂ ಕೂಡ ನೋಡಿದರು. ಸ್ವಲ್ಪ ಯೋಚಿಸಿ ಹೇಳಿದರು: “ನಾವು ಸಂಗ್ರಹದ ದಾಖಲೆಗೆ ಸೇರಿಸಿ ಅಕ್ಸೆಷನ್ ನಂಬರ್ ಕೊಟ್ಟ ಮೇಲಷ್ಟೇ ಅದು ವಿಶ್ವವಿದ್ಯಾಲಯದ ವಸ್ತು. ಇನ್ನೂ ಕೊಟ್ಟಿಲ್ಲ. ಈಗ ಅದು ನಿಮ್ಮ ಮನೆಯ ಕಂಬಳಿ ಬೀರಪ್ಪ, ಯಾರನ್ನಾದರೂ ಕೂಡಿಸಿ. ನಾನು ಚಹಾ ಕುಡಿದು ಬರುತ್ತೇನೆ.” ಆದರೆ ಚಹಾಕ್ಕೆ ಹೋಗದೆ ಬಾಗಿಲಲ್ಲೇ ನಿಂತರು.

ನಾನು ಮರದ ಹೊಟ್ಟು ಗುಡಿಸಿದೆ. ಬೀರಪ್ಪ ಕಂಬಳಿ ಹಾಸಿ, “ಬರ್ರಿ ಅಮ್ಮೋರೆ. ಮಗಳ ಹೆಸರಿಲೆ ಹೋಗತೈತಿ, ಆಕಿ ಜಾಗದಾಗ ನೀವು ಕುಂದರ್ರಿ,” ಎಂದ.

ಶಿವಲೀಲಮ್ಮನವರು ನನ್ನ ಭುಜ ಹಿಡಿದು ನಿಧಾನವಾಗಿ ಕೂತರು. ಅಂಗೈಯನ್ನು ಉಣ್ಣೆಯ ಮೇಲೆ ಇಟ್ಟರು.

“ಚುಚ್ಚತೈತಿ, ಬೀರಪ್ಪ.”

“ಹೊಸದು, ಹುಣಸಿಬೀಜದ ಗಂಜಿ ಹಾಕೀವಿ, ಚುಚ್ಚತೈತಿ. ಕುಂತಂಗ ಕುಂತಂಗ ಮೆತ್ತಗಾಗತೈತಿ.”

“ಇದರ ಮ್ಯಾಲ ಇನ್ನ ಯಾರೂ ಕುಂದ್ರಂಗಿಲ್ಲಲ್ಲಪ್ಪ,” ಎಂದರು ಅವರು.

ಅವರನ್ನು ಏಳಿ ಎಂದು ಯಾರೂ ಹೇಳಲಿಲ್ಲ. ನಾನು ಹಿಂದಿನ ಕೊಠಡಿಗೆ ಹೋಗಿ ಉಳಿದಿದ್ದ ತೊಲೆಯಿಂದ ನಾಲ್ಕು ಕಾಲು ಕೊಯ್ಯತೊಡಗಿದೆ. ಚೌಕಟ್ಟನ್ನು ಮಲಗಿಸಿ ಕಾಲು ಕೊಟ್ಟರೆ ಅದು ತಗ್ಗು ಮಂಚದಂಥ ಗದ್ದುಗೆಯೇ ಆಗುತ್ತಿತ್ತು. ಸಂಜೆಯೊಳಗೆ ಆಯಿತು. ಮೂಲೆಯಲ್ಲಿ ಆಗಲೂ ಕೂದಲು ತೂರುತ್ತಿರಲಿಲ್ಲ.

ಕಂಬಳಿ ಹಾಸುವಾಗ ನೋಡಿದೆ. ಗಂಜಿಗೆ ಬಿರುಸಾಗಿದ್ದ ಉಣ್ಣೆಯಲ್ಲಿ ಅವರು ಕೂತ ತಗ್ಗು ಹಾಗೇ ಉಳಿದಿತ್ತು. ಸರಿಮಾಡಲೇ ಎಂದು ಕಣ್ಣಲ್ಲೇ ಕೇಳಿದೆ. ಮೇಡಂ ಬೇಡವೆಂದು ತಲೆಯಾಡಿಸಿದರು. ಅದು ಅಳಿಯದಿರಲೆಂದು ಗಾಜನ್ನು ಒಂದು ಬೆರಳು ಎತ್ತರಿಸಿ ಕೂಡಿಸಿದೆ. ಮಾರ್ಚ್ ಮುಗಿಯುವ ಮೊದಲೇ ನಂಬರ್ ಬಿತ್ತು.

ಬಳಿಕ ಒಮ್ಮೆ ವಿಶ್ವವಿದ್ಯಾಲಯಕ್ಕೆ ಹೋಗಿ ನೋಡಿದ್ದೇನೆ. ಗೋಡೆ ತುಂಬ ಚಿತ್ರಗಳು, ನಡುವೆ ನೆಲದ ಮೇಲೆ ನಮ್ಮ ಗದ್ದುಗೆ. ಅದನ್ನು ನೋಡಬೇಕಾದರೆ ಯಾರೇ ಆಗಲಿ ಬಗ್ಗಲೇಬೇಕು.

ಈಗಲೂ ನನ್ನ ಮೂಲೆಗಳ ಬಗ್ಗೆ ನನಗೆ ಹೆಮ್ಮೆಯೇ. ಆದರೆ ಯಾರಾದರೂ ಏನನ್ನಾದರೂ ಫ್ರೇಮಿಗೆ ತಂದರೆ ಮೊದಲಿನ ಹಾಗೆ ತಕ್ಷಣ ಟೇಪು ಹಿಡಿಯುವುದಿಲ್ಲ. ಇದು ಇಷ್ಟು ದಿನ ನಿಮ್ಮ ಮನೆಯಲ್ಲಿ ಎಲ್ಲಿತ್ತು, ಯಾರು ಮುಟ್ಟುತ್ತಿದ್ದರು ಎಂದು ಕೇಳುತ್ತೇನೆ. ಅಳತೆ ಆಮೇಲೆ.