ಕೆಂಪು ಸ್ವಿಚ್ಚಿನ ಮೇಲಿನ ಗಂಧ

"ಗಲ್ಲೆಯಲ್ಲಿ ಕೂತವಳು ಚಹಾ ಚೆಲ್ಲಿದಳು, ಕಂಪ್ಯೂಟರು ಢಂ ಎಂದು ಸುಟ್ಟುಹೋಯಿತು." ಮುಂಬಯಿ ಪಕ್ಕದ ಠಾಣೆಯ ನೌಪಾಡಾದಲ್ಲಿರುವ ನನ್ನ ಭಾವನ ಹೋಟೆಲಿನ ಬಗ್ಗೆ ನಮ್ಮ ನೆಂಟರಿಷ್ಟರು ಇಂದಿಗೂ ಹೇಳುವ ಕಥೆ ಇದು. ಮದುವೆಮನೆಗಳಲ್ಲಿ ಇದನ್ನು ಹೇಳಿ ನಗುವವರಲ್ಲಿ ಒಬ್ಬರೂ ಆ ಯಂತ್ರವನ್ನು ಬಿಚ್ಚಿ ನೋಡಿದವರಲ್ಲ. ನಾನು ನೋಡಿದ್ದೇನೆ.

ಎರಡು ಸಾವಿರದ ದಶಕದ ನಡುವಿನ ಮಾತು. ಭಾವ, ಅಂದರೆ ನನ್ನ ಹೆಂಡತಿಯ ಅಣ್ಣ, ಬಿಲ್ಲು ಮಾಡಲೆಂದು ಸೆಕೆಂಡ್‌ಹ್ಯಾಂಡ್ ಕಂಪ್ಯೂಟರೊಂದನ್ನು ಕೊಂಡಿದ್ದರು. ಅದನ್ನು ನಡೆಸುತ್ತಿದ್ದವರು ಕುಂದಾಪುರದ ಕಡೆಯ, ನಲವತ್ತು ದಾಟಿದ ಒಬ್ಬ ಹೆಂಗಸು. ವರ್ಷಗಟ್ಟಲೆ ಅಡಿಗೆಮನೆಯಲ್ಲಿ ತರಕಾರಿ ಹೆಚ್ಚಿ, ಬಿಡುವಿನಲ್ಲಿ ಕೀಬೋರ್ಡು ಕಲಿತು ಗಲ್ಲೆಗೆ, ಅಂದರೆ ಹಣದ ಕೌಂಟರಿಗೆ, ಬಂದವರು. ವಿಜಯದಶಮಿಯ ಮರುದಿನ ನಾನು ಹೋದಾಗ ಅವರು ಮತ್ತೆ ಒಳಗೆ, ಬೀನ್ಸಿನ ರಾಶಿಯ ಮುಂದೆ ಕೂತಿದ್ದರು.

"ಚೆಲ್ಲಿದ್ದು ಹೌದು. ಇಲ್ಲ ಅಂತ ನಾನು ಹೇಳುದಿಲ್ಲ," ಎಂದರು. "ಆದ್ರೆ ಗೋಡೆ ಸ್ವಿಚ್ಚು ಹಾಕಿದ ಕೂಡ್ಲೆ ಢಂ ಅಂತು. ಬೆಚ್ಚಿಬಿದ್ದು ಕೈಲಿದ್ದ ಚಾ ಚೆಲ್ಲಿತು. ಮೊದಲು ಶಬ್ದ, ಆಮೇಲೆ ಚಾ. ಯಾರು ಕೇಳ್ತಾರೆ? ಇನ್ನು ಗಲ್ಲೆಗೆ ಬೇರೆಯವರು ಅಂತ ನಿಮ್ಮ ಭಾವ ಹೇಳಿಯಾಯ್ತು."

ಮೊದಲು ಶಬ್ದ, ಆಮೇಲೆ ಚಹಾ. ಈ ಕ್ರಮ ನನ್ನ ತಲೆಯನ್ನು ಹೊಕ್ಕು ಕೂತಿತು. ಹೊರಗೆ ಬಂದು ಭಾವನನ್ನು ಕೇಳಿದೆ. ನಮ್ಮ ಕಡೆ ಇಂಥ ಸಂಬಂಧದಲ್ಲಿ ಇಬ್ಬರೂ ಪರಸ್ಪರ ಭಾವಂದಿರೇ.

"ಭಾವಾ, ರಿಪೇರಿಯವನೂ ಅದೇ ಹೇಳಿದ," ಎಂದರು ಅವರು. "'ಅಂಕಲ್, ಪಾನಿ ಗಯಾ ಅಂದರ್, ಫೇಂಕ್ ದೋ' ಅಂದ. ಒಳಗೆ ನೀರು ಹೋಗಿದೆ, ಬಿಸಾಡಿ ಅಂತ. ಇನ್ನು ನೀವು ಪೋಸ್ಟ್‌ಮಾರ್ಟಂ ಮಾಡ್ಲಿಕ್ಕುಂಟಾ?"

"ಅವನು ಬಿಚ್ಚಿ ನೋಡಿದನಾ?"

"ಬಿಚ್ಚುದೆಂತಕ್ಕೆ? ಮೂಸಿ ನೋಡಿದ."

"ಮೂಸಿ ಹೇಳುವುದು ಸಾಂಬಾರಿಗಾಯಿತು ಭಾವಾ, ಯಂತ್ರಕ್ಕಲ್ಲ."

ಗೋಡೆಯ ಕರೆಂಟನ್ನು ತಗ್ಗಿಸಿ ಕಂಪ್ಯೂಟರಿಗೆ ಉಣಿಸುವ ತಗಡಿನ ಪೆಟ್ಟಿಗೆಯನ್ನು, ಅಂದರೆ ಪವರ್ ಸಪ್ಲೈಯನ್ನು, ಕಳಚಿ ಬಟ್ಟೆಚೀಲಕ್ಕೆ ಹಾಕಿಕೊಂಡು ಲೋಕಲ್ ರೈಲು ಹಿಡಿದು ಡೊಂಬಿವಲಿಯ ಮನೆಗೆ ಬಂದೆ. ಬೇಲಾಪುರದ ಕಚೇರಿಯಿಂದ ನಿವೃತ್ತನಾದ ಮೇಲೆ ಬಾಲ್ಕನಿಯ ಮೇಜು ನನ್ನ ಪಾಠಶಾಲೆಯಾಗಿತ್ತು. ಫುಟ್‌ಪಾತಿನ ಹಳೆಯ ಪುಸ್ತಕಗಳೂ ಕೆಟ್ಟ ರೇಡಿಯೋಗಳೂ ನನ್ನ ಗುರುಗಳು. ಪ್ಲಗ್ಗು ಕಿತ್ತ ಮೇಲೂ ಇಂಥ ಪೆಟ್ಟಿಗೆಯಲ್ಲಿ ಕರೆಂಟು ಕೂಡಿಡುವ ಕೆಪಾಸಿಟರುಗಳು ಶಾಕ್ ಹೊಡೆಯಬಲ್ಲವು. ಆದ್ದರಿಂದ ಅವುಗಳ ಕಾಲಿಗೆ ಮೊದಲು ಒಂದು ಬಲ್ಬು ತಾಗಿಸಿ, ಉಳಿದ ಕರೆಂಟನ್ನು ಇಳಿಸಿ, ಆಮೇಲೆ ನೋಡಿದೆ.

ಒಳಗೆ ಒಗ್ಗರಣೆಯ ಎಣ್ಣೆಜಿಡ್ಡು, ಧೂಳು. ಚಹಾದ ಕಲೆ ಮಾತ್ರ ಎಲ್ಲಿಯೂ ಇಲ್ಲ! ಫ್ಯೂಸು ಕಪ್ಪಾಗಿತ್ತು, ದೊಡ್ಡ ಕೆಪಾಸಿಟರುಗಳೆರಡರ ತಲೆ ಪೂರಿಯಂತೆ ಉಬ್ಬಿತ್ತು. ಒದ್ದೆಯಾದ ಯಂತ್ರದ ಲಕ್ಷಣವಲ್ಲ ಇದು. ತಾಳಲಾರದಷ್ಟು ವೋಲ್ಟೇಜು ನುಂಗಿದ ಯಂತ್ರದ್ದು. ಪೆಟ್ಟಿಗೆಯನ್ನು ತಿರುಗಿಸಿದೆ. ಹಿಂಬದಿಯಲ್ಲಿ, ಕೇಬಲು ಸಿಕ್ಕಿಸುವ ಬಾಯಿಯ ಪಕ್ಕ, ಅತ್ತಿತ್ತ ಜಾರುವ ಒಂದು ಪುಟ್ಟ ಕೆಂಪು ಸ್ವಿಚ್ಚು. ನಮ್ಮ ದೇಶದ ಕರೆಂಟಿಗೆ ಅದು ೨೩೦ ತೋರಿಸಬೇಕು. ತೋರಿಸುತ್ತಿದ್ದದ್ದು ೧೧೫, ಅರ್ಧ ವೋಲ್ಟೇಜಿನ ಪರದೇಶಗಳಿಗೆಂದು ಇಟ್ಟ ಅಂಕಿ.

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಸ್ವಿಚ್ಚಿನ ಜಾರುವ ತುಂಡಿನಿಂದ ಅದರ ಸುತ್ತಲ ಅಂಚಿನವರೆಗೆ ಗಂಧದ ಒಂದೇ ಪದರ ಒಣಗಿ ಅಂಟಿತ್ತು, ಮೇಲೊಂದು ಕುಂಕುಮದ ಬೊಟ್ಟು. ಗೆರೆಯಷ್ಟೂ ಬಿರುಕಿರಲಿಲ್ಲ. ಗಂಧ ಹಚ್ಚಿದ ಮೇಲೆ ಯಾರಾದರೂ ಸ್ವಿಚ್ಚನ್ನು ಸರಿಸಿದ್ದರೆ ಅದು ಒಡೆಯಲೇಬೇಕಿತ್ತು.

"ಹೋಟೆಲಿನ ಯಂತ್ರಗಳಿಗೆ ಗಂಧ ಹಚ್ಚುವವರು ಯಾರು?" ಎಂದು ಹೆಂಡತಿಯನ್ನು ಕೂಗಿದೆ.

"ಅಣ್ಣ ಅಲ್ಲದೆ ಇನ್ನಾರು? ಆಯುಧಪೂಜೆಗೆ ಕರೆಂಟು ಹೋಗುವ ಬಾಯಿಗೆಲ್ಲ ಹಚ್ಚುದು ಅವನ ಪದ್ಧತಿ. ಗ್ರೈಂಡರಿಗೂ ಫ್ರಿಜ್ಜಿಗೂ. ನನ್ನ ಅಣ್ಣನನ್ನೇ ಸಿಕ್ಕಿಸ್ಲಿಕ್ಕೆ ಹೊರಟಿದ್ದೀರಲ್ಲ, ಚಹಾ ಆರಿತು, ಕುಡೀರಿ."

ಚಹಾ ಯಾರಿಗೆ ಬೇಕಿತ್ತು! ಕಲ್ಯಾಣದ ಭಂಗಾರದಂಗಡಿಗೆ, ಅಂದರೆ ಗುಜರಿಗೆ, ಓಡಿ, ಸತ್ತ ಇನ್ನೊಂದು ಪವರ್ ಸಪ್ಲೈ ತಂದು, ಅದರ ಗಟ್ಟಿ ಕೆಪಾಸಿಟರುಗಳನ್ನು ಇದಕ್ಕೆ ಬೆಸೆದೆ. ಹೊಸ ಫ್ಯೂಸು, ಹೊಸ ಫ್ಯಾನು, ಒಗ್ಗರಣೆಯ ಹೊಗೆ ತಡೆಯಲು ಒಂದು ಜಾಲರಿ. ಕೆಂಪು ಸ್ವಿಚ್ಚನ್ನು ಗಂಧ ಅಲುಗದಂತೆ ಅಂಚುಸಹಿತ ಹೊರತೆಗೆದೆ. ಅದಿಲ್ಲದಿದ್ದರೆ ಆ ಪೆಟ್ಟಿಗೆ ಸದಾ ನಮ್ಮ ಕರೆಂಟಿಗೇ ಸಿದ್ಧವಿರುತ್ತದೆ. ಅದರ ಕಿಂಡಿಯನ್ನು ತಗಡಿನಿಂದ ಮುಚ್ಚಿದೆ.

ಹೋಟೆಲಿನಲ್ಲಿ ಮಧ್ಯಾಹ್ನದ ಊಟದ ಗದ್ದಲ ಇಳಿದ ಮೇಲೆ ಪೆಟ್ಟಿಗೆಯನ್ನು ಗಲ್ಲೆಯ ಮೇಲಿಟ್ಟೆ. ಕರೆಂಟಿನ ದಾರಿಯಲ್ಲಿ ನಡುವೆ ಒಂದು ಬಲ್ಬು ಕಟ್ಟಿದ್ದೆ. ಒಳಗೆ ಶಾರ್ಟು ಉಳಿದಿದ್ದರೆ ಬಲ್ಬು ಪೂರ್ತಿ ಉರಿಯುತ್ತಲೇ ಇರುತ್ತದೆ, ಎಲ್ಲ ಸರಿಯಿದ್ದರೆ ಒಮ್ಮೆ ಮಿನುಗಿ ಮಂಕಾಗುತ್ತದೆ. ಭಾವ ಎರಡು ಹೆಜ್ಜೆ ಹಿಂದೆ ಸರಿದರು. ಸ್ವಿಚ್ಚು ಒತ್ತಿದೆ. ಬಲ್ಬು ಮಿನುಗಿತು, ಮಂಕಾಯಿತು. ಕಂಪ್ಯೂಟರಿಲ್ಲದೆಯೂ ಪೆಟ್ಟಿಗೆಯನ್ನು ಎಬ್ಬಿಸುವ ಹಸಿರು ತಂತಿಯನ್ನು ಕಪ್ಪು ತಂತಿಗೆ ತಾಗಿಸಿದೊಡನೆ ಫ್ಯಾನು ಗಿರ್ರನೆ ತಿರುಗಿತು! ನನಗೆ ಆ ವಯಸ್ಸಿನಲ್ಲಿ ಕುಣಿಯುವುದೊಂದು ಬಾಕಿ.

"ಭಾವಾ, ಪೂಜೆಗೆ ಮೊದಲು ಇದನ್ನು ಒರೆಸಿದ್ದು ಯಾರು?"

"ನಾನೇ. ದೇವರ ಕೆಲಸ ಇನ್ನೊಬ್ಬರ ಕೈಗೆ ಕೊಡುದಿಲ್ಲ."

"ಹೋದ ವರ್ಷದ ಗಂಧ ಹೋಗುವುದು ಕಷ್ಟವಾಗಿರಬೇಕು."

"ಕಲ್ಲಿನ ಹಾಗೆ ಆಗಿತ್ತು ಮಾರಾಯ್ರೆ. ಚಮಚದ ಹಿಡಿಯಲ್ಲಿ ಕೆರೆದೆ, ಅದು ಸ್ವಲ್ಪ ಜಾರಿತು..."

ನಾನು ಕೆಂಪು ಸ್ವಿಚ್ಚನ್ನು ಅವರ ಅಂಗೈಯಲ್ಲಿಟ್ಟು, ಅಂಕಿಯನ್ನೂ ಗಂಧವನ್ನೂ ತೋರಿಸಿದೆ. ಪೂಜೆಯ ದಿನ ಯಂತ್ರ ಮುಟ್ಟುವ ಹಾಗಿಲ್ಲ. ಹಾಗಾಗಿ ಸಿಡಿಯುವುದು ಮರುದಿನ ಮೊದಲು ಸ್ವಿಚ್ಚು ಹಾಕಿದವರ ಪಾಲಿಗೆ ಬಂದಿತ್ತು. ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಆ ಹೆಂಗಸು ಸೆರಗಿಗೆ ಕೈ ಒರೆಸಿಕೊಂಡು ಬಂದು, ಯಾರೂ ಕರೆಯದೆಯೇ ಗಲ್ಲೆಯ ಕುರ್ಚಿಯಲ್ಲಿ ಕೂತರು.

ಭಾವ ಅಂಗೈಯ ಸ್ವಿಚ್ಚನ್ನು ಬೆಳಕಿಗೆ ಹಿಡಿದು ನೋಡಿದರು. "ಆದ್ರೂ ಚಾ ಚೆಲ್ಲಿದ್ದಂತೂ ಹೌದಲ್ಲ?"

"ಹೌದಣ್ಣ," ಎಂದರು ಅವರು ಬಿಲ್ಲಿನ ಕಾಗದ ಸರಿಪಡಿಸುತ್ತ. "ನೀವು ಕೆರೆದದ್ದೂ ಹೌದು."

ಏಳಿ ಎಂದು ಭಾವ ಹೇಳಲಿಲ್ಲ.

ಆ ಕಂಪ್ಯೂಟರು ಮತ್ತೆ ಕೆಲವು ವರ್ಷ ಬಿಲ್ಲು ಮಾಡಿ, ಮುಂದೆ ಹಳತಾಗಿ ಹೋಯಿತು. ಪವರ್ ಸಪ್ಲೈಯನ್ನು ಮಾತ್ರ ನಾನು ಬಿಡಲಿಲ್ಲ. ಅದರ ಹಳದಿ ತಂತಿಯಿಂದ ಹನ್ನೆರಡು ವೋಲ್ಟು ಎಳೆದು ಹೋಟೆಲಿನ ದೇವರ ಗೂಡಿಗೆ ಎಲ್‌ಇಡಿ ಪಟ್ಟಿ ಹಾಕಿಕೊಟ್ಟಿದ್ದೇನೆ. ಅದು ಈಗಲೂ ಬೆಳಗುತ್ತಿದೆ. ನೆಂಟರು ತಮ್ಮ ಕಥೆ ಬದಲಿಸಿಲ್ಲ, ಬದಲಿಸುವುದೂ ಬೇಡ. ಕೆಂಪು ಸ್ವಿಚ್ಚು ಗಲ್ಲೆಯ ಗಾಜಿನ ಕೆಳಗೆ, ಪಾರದರ್ಶಕ ಡಬ್ಬಿಯೊಂದರಲ್ಲಿದೆ. ಗಂಧ ಹಳದಿಗಟ್ಟಿದೆ, ಅಂಕಿ ಓದಲು ಬರುತ್ತದೆ. ಕೇಳಿದವರಿಗೆಲ್ಲ, ಗಲ್ಲೆಯಲ್ಲಿ ಈಗಲೂ ಕೂತಿರುವ ಅವರೇ ತೆಗೆದು ತೋರಿಸುತ್ತಾರೆ.